ತಂತಿಗೆ ನೇತುಹಾಕಿದ ಲಿವರ್

ದೇವದುರ್ಗದ ಮಿಸ್ತ್ರಿ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ರಾಯಚೂರಿನ ಒಂದು ಬಿಡಿಭಾಗದ ಅಂಗಡಿಯಲ್ಲಿ, ಅದೂ ಜಗಳದ ನಡುವೆ. ಹೆಂಡತಿಯ ಸ್ಕೂಟರಿಗೆ ಬ್ರೇಕ್ ಶೂ ಬೇಕಿತ್ತು. ಅಂಗಡಿಯವ ಹೇಳಿದ ಬೆಲೆ ಕೇಳಿ ಮೈಯೆಲ್ಲ ಉರಿದುಹೋಯಿತು. ಇದೇ ಜೋಡಿಯನ್ನು ಇದೇ ಅಂಗಡಿಯಿಂದ ನೂರು ರೂಪಾಯಿ ಕಡಿಮೆಗೆ ಒಯ್ದು ಇನ್ನೂ ವರ್ಷ ತುಂಬಿರಲಿಲ್ಲ. ಡಬ್ಬಿಯ ಬಣ್ಣ ಬದಲಾಗಿತ್ತು, ಒಳಗಿನ ಮಾಲು ಅದೇ. ಡಬ್ಬಿಗೆ ಬಣ್ಣ ಹಚ್ಚಿದ ಖರ್ಚನ್ನೂ ನಾನೇ ಕೊಡಬೇಕೇನು ಎಂದು ಕೂಗಾಡಿದೆ. ಅಂಗಡಿಯವನಿಗೆ ಇದೆಲ್ಲ ನಿತ್ಯದ ಪಾಡು. ಬಿಲ್ ಬರೆಯುವ ಕೈ ನಿಲ್ಲಿಸದೆ ಹೇಳಿದ: "ಸರ, ನೀವು ಥೇಟ್ ದೇವದುರ್ಗದ ಮಿಸ್ತ್ರಿ ಹಂಗೇ ಜಗಳಾ ತೆಗೀತೀರಿ ನೋಡ್ರಿ. ಪಾಪ, ಹೋದ ಅಮಾಸಿ ದಿನ ತೀರಿಕೊಂಡ್ರಂತ."

ಕೇಳಿದಷ್ಟು ಕೊಟ್ಟು ಹೊರಗೆ ಬಂದೆ. ಒಂದೂವರೆ ವರ್ಷದಿಂದ ನಾನು ಆ ಮನುಷ್ಯನ ಮುಖ ನೋಡಿರಲಿಲ್ಲ. ಬೇಕಂತಲೇ ನೋಡಿರಲಿಲ್ಲ. ದೇವದುರ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ ಅವರ ಅಂಗಡಿ ಹತ್ತಿರ ಬಂತೆಂದರೆ ಮೊಬೈಲ್ ತೆಗೆದು ಅದರಲ್ಲಿ ಮುಖ ಹುದುಗಿಸಿಬಿಡುತ್ತಿದ್ದೆ. ಅವರ ಮೇಲೆ ಸಿಟ್ಟಿದೆ ಎಂದು ಮನೆಯಲ್ಲಿ ಹೇಳಿಕೊಂಡಿದ್ದೆ. ಸಿಟ್ಟೂ ಇಲ್ಲ, ಗಿಟ್ಟೂ ಇಲ್ಲ. ಎದುರು ನಿಲ್ಲುವ ಮುಖ ನನಗಿರಲಿಲ್ಲ, ಅಷ್ಟೇ.

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವನು. ಡಾಕ್ಟರ್ ಅಲ್ಲ, ಇನ್ಸ್‌ಪೆಕ್ಟರ್. ಆದರೆ ದೇವದುರ್ಗ ತಾಲ್ಲೂಕಿನ ಹಳ್ಳಿಗಳಲ್ಲಿ ಎಮ್ಮೆ ಕಟ್ಟಿದವರೆಲ್ಲ ನನ್ನನ್ನು ದನದ ಡಾಕ್ಟ್ರು ಎಂದೇ ಕರೆಯುತ್ತಾರೆ, ನಾನೂ ತಿದ್ದಲು ಹೋಗಿಲ್ಲ. ಮನೆ ರಾಯಚೂರಿನಲ್ಲಿ. ಆಗೆಲ್ಲ ದಿನಾ ಬೈಕಿನ ಮೇಲೆ ಹೋಗಿ ಬರುತ್ತಿದ್ದೆ. ಹಿಂದಿನ ಸೀಟಿಗೆ ಎಮ್ಮೆಗಳ ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯದ ಕಡ್ಡಿಗಳನ್ನು ತಣ್ಣಗಿಡುವ ದೊಡ್ಡ ಕ್ಯಾನು ಕಟ್ಟಿರುತ್ತಿತ್ತು. ಅದು ಒಂದು ಆಳಿನಷ್ಟೇನೂ ಭಾರವಿರಲಿಲ್ಲ, ಆದರೆ ಬ್ರೇಕ್ ಒತ್ತಿದಾಗ ಬೆನ್ನಿಗೆ ಗುದ್ದುತ್ತಿತ್ತು. ಅದರ ದೆಸೆಯಿಂದಲೇ ನನ್ನ ಬ್ರೇಕುಗಳು ಬೇರೆಯವರದಕ್ಕಿಂತ ಬೇಗ ಸವೆಯುತ್ತಿದ್ದವು, ಅದರ ದೆಸೆಯಿಂದಲೇ ನಾನು ಮಿಸ್ತ್ರಿಯ ಗಿರಾಕಿಯಾದೆ.

ಅಂಗಡಿ ಎಂದರೆ ಊರ ಹೊರಗೆ ರಸ್ತೆಗೆ ಹತ್ತಿದ ಒಂದು ತಗಡಿನ ಶೆಡ್ಡು. ಬೋರ್ಡ್ ಇರಲಿಲ್ಲ. ಎಷ್ಟೇ ಗಿರಾಕಿ ಕಾದಿದ್ದರೂ ಮಿಸ್ತ್ರಿ ಮನೆಯಲ್ಲಿ ಲಿಂಗಪೂಜೆ ಮುಗಿಸಿ ಒಂಬತ್ತಕ್ಕೇ ಬರುವುದು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಅಂಗಿಯ ಒಳಗೆ ಕೊರಳಲ್ಲಿ ಲಿಂಗದ ಕರಡಿಗೆ, ತೊಡೆಯ ಮೇಲೆ ಒಂದು ಹಳೆಯ ಟವೆಲ್ಲು. ಬಂದವರ ಗಾಡಿಯ ಲಿವರನ್ನು ಮೊದಲು ಕಣ್ಣು ಮುಚ್ಚಿ ಎರಡು ಸಲ ಹಿಡಿದು ಬಿಡುತ್ತಿದ್ದರು. ನಾಡಿ ನೋಡುವವರ ಹಾಗೆ. ಆಮೇಲೆ ಏನು ಹಾಳಾಗಿದೆ ಎಂದು ಹೇಳುತ್ತಿದ್ದರು, ಅದು ತಪ್ಪಿದ್ದನ್ನು ನಾನು ಕಂಡಿಲ್ಲ. ಹರೆಯದಲ್ಲಿ ರಾಯಚೂರಿನ ಅಕ್ಕಿ ಗಿರಣಿಗಳ ಬಳಿ ಲಾರಿ, ಟ್ರ್ಯಾಕ್ಟರುಗಳ ಬ್ರೇಕ್ ಶೂಗಳಿಗೆ ಹೊಸ ಪಟ್ಟಿ ಕೂರಿಸಿ ಮೊಳೆ ಬಡಿಯುವ ಕೆಲಸ ಮಾಡಿದ್ದರಂತೆ. ಆಗ ಶೂ ಅನ್ನೋದು ಒಂದು ಸಲ ಕೊಂಡರೆ ಗಾಡಿ ಇರೋತನಕ, ಪಟ್ಟಿ ಮಾತ್ರ ಬದಲಿ ಎಂದು ಹೇಳುವಾಗ ಅವರ ದನಿ ತಾನಾಗಿ ಏರುತ್ತಿತ್ತು.

ಬೆಲೆಯ ವಿಷಯ ಬಂದರೆ ಮುಗಿಯಿತು. ಮುರಿದ ಸಾಮಾನನ್ನು ಪೇಪರಿನ ಮೇಲೆ ಬಿಚ್ಚಿ ಒಂದೊಂದೇ ತುಂಡನ್ನು ಸಾಲಾಗಿ ಇಡುತ್ತಿದ್ದರು. ಸ್ಪ್ರಿಂಗು ಚಲೋ ಅದ, ಪಿಸ್ಟನ್ನು ಚಲೋ ಅದ, ಬಾಡಿ ಚಲೋ ಅದ ಎನ್ನುತ್ತ ಕೊನೆಗೆ ಉಗುರಿನಷ್ಟು ಒಂದು ರಬ್ಬರನ್ನು ಎತ್ತಿ ಹಿಡಿದು, ಇದಿಷ್ಟೇ ಸತ್ತದ್ದು ನೋಡ್ರಿ, ಇದಕ್ಕ ಎಲ್ಲಾ ಹೂಳಬೇಕಂತ ಎನ್ನುತ್ತಿದ್ದರು. ಹೂಳಬೇಕು ಎಂದು ಹೇಳಿದವರು ಕಂಪನಿಯವರು. ಈಗಿನ ಗಾಡಿಗಳಲ್ಲಿ ಒಂದು ರಬ್ಬರ್ ಹೋದರೆ ರಬ್ಬರ್ ಸಿಗುವುದಿಲ್ಲ, ರಬ್ಬರ್ ಇರುವ ಇಡೀ ಅಸೆಂಬ್ಲಿ ಕೊಳ್ಳಬೇಕು. ಅಂಗಿಯ ಗುಂಡಿ ಹೋದರೆ ಅಂಗಿಯನ್ನೇ ಕೊಳ್ಳಬೇಕು ಎಂದ ಹಾಗಾಯಿತು. ಮಿಸ್ತ್ರಿ ತಿಂಗಳಿಗೊಮ್ಮೆ ರಾಯಚೂರಿಗೆ ಬಂದು ಒಂದೊಂದು ಅಂಗಡಿಯಲ್ಲೂ ಆ ಉಗುರಿನಷ್ಟು ರಬ್ಬರನ್ನು ಕೌಂಟರಿನ ಮೇಲಿಟ್ಟು ಇಂಥದೊಂದು ಕೊಡ್ರಿ ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಜಗಳ. ಅಂಗಡಿಯವರೆಲ್ಲ ಅವರನ್ನು ದೂರದಿಂದಲೇ ಕಂಡು ಮೊದಲೇ ಇಲ್ಲ ಎಂದು ಕೈ ಆಡಿಸಿಬಿಡುತ್ತಿದ್ದರಂತೆ.

ಡುಪ್ಲಿಕೇಟ್ ಮಾಲು ಹಾಕಿ ಎಂದರೆ ಇನ್ನೂ ಕಷ್ಟ. ಯಾರಾದರೂ ಸಂತೆಯಿಂದ ಅಗ್ಗದ ಬ್ರೇಕ್ ಪ್ಯಾಡ್ ತಂದುಕೊಟ್ಟರೆ ಅದನ್ನು ಸಿಮೆಂಟಿನ ಕಟ್ಟೆಗೆ ಗಸಗಸ ಉಜ್ಜಿ ಮೂಸುತ್ತಿದ್ದರು. ಇದು ಪ್ಯಾಡ್ ಅಲ್ಲಪ್ಪಾ, ಕುಳ್ಳು, ನಿಮ್ಮವ್ವಗ ಕೊಡು, ಒಲಿಗೆ ಆಗತದ ಎಂದು ವಾಪಸು ಕೊಡುತ್ತಿದ್ದರು. ನನಗಂತೂ ಅವರ ಈ ಮಡಿಯನ್ನು ನೋಡಿದರೆ ತಲೆ ಕೆಡುತ್ತಿತ್ತು. ಅಸಲಿ ಮಾಲಿಗೆ ಬೆಲೆ ಜಾಸ್ತಿ ಎಂದು ಬಯ್ಯುವವರೂ ಅವರೇ, ಅಗ್ಗದ್ದು ತಂದರೆ ಮುಟ್ಟದವರೂ ಅವರೇ. ಮತ್ತೆ ಬಡವ ಏನು ಮಾಡಬೇಕು ಸ್ವಾಮಿ?

ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಗಾಡಿಗಳಿಗೆ ಪೂಜೆ. ತೊಳೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆಯುತ್ತಾರೆ. ಡಿಸ್ಕ್ ಬ್ರೇಕಿನ ಬೈಕುಗಳು ಬಂದ ಮೇಲೆ ಇದಕ್ಕೊಂದು ಹೊಸ ಸೇವೆ ಸೇರಿಕೊಂಡಿತು. ಮುಂದಿನ ಚಕ್ರದಲ್ಲಿ ಫಳಫಳ ಹೊಳೆಯುವ ಆ ಉಕ್ಕಿನ ತಟ್ಟೆ ನಮ್ಮ ಜನಕ್ಕೆ ದೇವರ ಪ್ರಭಾವಳಿಯ ಹಾಗೆ ಕಂಡಿರಬೇಕು. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಎಣ್ಣೆಯ ಅಂಟಿನ ಮೇಲೆ ಮೂರು ಗೆರೆ ವಿಭೂತಿ ಎಳೆದು, ನಡುವೆ ಕುಂಕುಮ ಇಡುವುದು. ಎಣ್ಣೆ ಪ್ಯಾಡಿಗೆ ಇಳಿದು ಬ್ರೇಕ್ ಜಾರುತ್ತದೆ, ಮರುದಿನ ಇವರು ಕಟ್ಟೆಗೋ ಎಮ್ಮೆಗೋ ಗುದ್ದಿಕೊಂಡು ಬರುತ್ತಾರೆ. ಪ್ಯಾಡ್ ಎಷ್ಟೇ ಹೊಸದಿದ್ದರೂ ಬಿಸಾಡಬೇಕು. ಅಮಾವಾಸ್ಯೆಯ ಮರುದಿನ ಮಿಸ್ತ್ರಿ ಬೇಗನೇ ಬಂದು ರಸ್ತೆಗೆ ಮುಖ ಮಾಡಿ ಕೂರುತ್ತಿದ್ದರು. ವಿಭೂತಿ ಹಚ್ಚಿದ ಚಕ್ರ ಕಂಡರೆ ಅಡ್ಡ ಹೋಗಿ ನಿಲ್ಲಿಸುವುದು. ಒಮ್ಮೆ ಊರಿನ ದೊಡ್ಡ ಅಡತಿ ಅಂಗಡಿಯ ಮಾಲಕರನ್ನೇ ನಿಲ್ಲಿಸಿದರು. ಅವರು, ನೀವೂ ಲಿಂಗವಂತರಾಗಿ ವಿಭೂತಿ ಬ್ಯಾಡ ಅಂತೀರೇನು ಎಂದು ಕೆರಳಿದರು. ಮಿಸ್ತ್ರಿ ತಮ್ಮ ಹಣೆ ಮುಟ್ಟಿ ತೋರಿಸಿದರು.

"ಶಿವನ್ನ ಇಲ್ಲಿಟ್ಕೋರಿ ಸಾವಕಾರ್ರೆ. ಡಿಸ್ಕಿನ ಮ್ಯಾಲಿಟ್ರ ಆತನ ಕಡಿಗೇ ಒಯ್ತಾನ."

ಆದರೆ ಅವರನ್ನು ಸುತ್ತ ಹತ್ತು ಊರಿಗೆ ಗೊತ್ತು ಮಾಡಿದ್ದು ಇನ್ನೊಂದು ಪದ್ಧತಿ. ಮುಂದಿನ ಬ್ರೇಕ್ ಕೆಟ್ಟ ಗಾಡಿ ಬಂದು, ಸಾಮಾನು ಹಾಕಿಸಲು ಗಿರಾಕಿಯ ಬಳಿ ದುಡ್ಡಿಲ್ಲದಿದ್ದರೆ ಬೇರೆ ಮಿಸ್ತ್ರಿಗಳು ಹಾಗೇ ಕಳಿಸಿಬಿಡುತ್ತಾರೆ. ಹಿಂದಿನ ಬ್ರೇಕಿನ ಮೇಲೆ ಹೋಗು ಎನ್ನುತ್ತಾರೆ. ಇವರು ಹಾಗೆ ಬಿಡುತ್ತಿರಲಿಲ್ಲ. ಹ್ಯಾಂಡಲ್ಲಿನಿಂದ ಬ್ರೇಕಿನ ಲಿವರನ್ನೇ ಬಿಚ್ಚಿ ತೆಗೆದುಕೊಳ್ಳುತ್ತಿದ್ದರು. ಅದರ ಮೇಲೆ ಬಿಳಿ ಪೇಂಟಿನಲ್ಲಿ ಗಾಡಿಯ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದು ಶೆಡ್ಡಿನೊಳಗೆ ಎಳೆದ ತಂತಿಗೆ ನೇತುಹಾಕುವುದು. ದುಡ್ಡು ಕೂಡಿದಾಗ ಬಾ, ಸಾಮಾನು ಹಾಕಿ ಲಿವರ್ ಕೊಡತೀನಿ. ಬಿಚ್ಚಿದ್ದಕ್ಕೆ ಕೂಲಿ ಇಲ್ಲ. ನಾನು ನೋಡಿದಾಗೆಲ್ಲ ಆ ತಂತಿಯಲ್ಲಿ ಇಪ್ಪತ್ತು ಮೂವತ್ತು ಲಿವರುಗಳು ತೂಗುತ್ತಿದ್ದವು. ಲಿವರಿಲ್ಲದ ಬೈಕು ಮುಂದಿನ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. ಚಹಾದಂಗಡಿಯ ಮುಂದೆ ನಿಲ್ಲಿಸಿದರೆ, ಓಹೋ ಮಿಸ್ತ್ರಿ ಕಿತ್ತುಕೊಂಡರಾ ಎಂದು ನಗುವವರೇ ಎಲ್ಲ. ಆ ನಾಚಿಕೆಗೇ ಎಷ್ಟೋ ಜನ ಸಾಲವೋ ಸೋಲವೋ ಮಾಡಿ ಬ್ರೇಕ್ ಹಾಕಿಸುತ್ತಿದ್ದರು. ಕೆಲವರು ಬಯ್ದುಕೊಂಡು ಬೇರೆ ಮಿಸ್ತ್ರಿಗಳ ಕಡೆ ಹೋದರು. ಇವರು ಲೆಕ್ಕಿಸಲಿಲ್ಲ.

ನನ್ನ ಹೆಂಡತಿಯ ತವರು ಮಾನ್ವಿ ತಾಲ್ಲೂಕಿನ ಮಲ್ಲಟ. ಅವಳ ತಮ್ಮ ಆಗ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸಕ್ಕಿದ್ದ. ಎತ್ತರದ ಏಣಿ ಹತ್ತಿ ಪೈಪುಗಳ ನಡುವೆ ತೂರಿ ಮಾಡುವ ಕೆಲಸ, ಒಳ್ಳೆಯ ಮೈಕಟ್ಟು, ಅಷ್ಟೇ ಭಂಡಧೈರ್ಯ. ಒಮ್ಮೆ ನನ್ನ ಜೊತೆ ದೇವದುರ್ಗಕ್ಕೆ ಬಂದಿದ್ದ. ಆತ ಬೈಕ್ ನಿಲ್ಲಿಸಿದ ರೀತಿ ನೋಡಿ ಮಿಸ್ತ್ರಿ ಹತ್ತಿರ ಕರೆದರು. ನೀ ಮುಂದಿನ ಬ್ರೇಕ್ ಹಿಡಿಯೋದೇ ಇಲ್ಲಲ್ಲ ತಮ್ಮಾ ಎಂದರು. ಮುಂದಿಂದು ಹಿಡಿದರೆ ಗಾಡಿ ಎತ್ತಿ ಒಗೀತದಂತಲ್ಲ ಎಂದ ಇವನು. ನಮ್ಮ ಕಡೆ ಮುಕ್ಕಾಲು ಜನ ನಂಬಿರುವುದು ಇದನ್ನೇ. ಮಿಸ್ತ್ರಿ ಆ ದಿನ ಎರಡು ಗಿರಾಕಿಗಳನ್ನು ಕಾಯಿಸಿ, ಇವನನ್ನು ರಸ್ತೆಯಲ್ಲಿ ಹತ್ತು ಸಲ ಓಡಿಸಿ, ಎರಡೂ ಬ್ರೇಕನ್ನು ಕೂಡಿಸಿ ಹಿಡಿಯುವುದು ಕಲಿಸಿದರು. ನಿಂದರಿಸೋದು ಮುಂದಿನ ಬ್ರೇಕೇ, ಹಿಂದಿಂದು ಬರೇ ಜತಿಗಾರ ಎಂದರು. ಇವನಿಗೆ ಅದು ಎಷ್ಟು ಹಿಡಿಸಿತೆಂದರೆ ಊರಲ್ಲಿ ಎಲ್ಲರಿಗೂ ಪಾಠ ಹೇಳುತ್ತ ತಿರುಗಿದ.

ಅದಾಗಿ ಕೆಲವು ತಿಂಗಳಿಗೆ ನನ್ನ ಬೈಕಿನ ಮುಂದಿನ ಬ್ರೇಕ್ ಕೈ ಕೊಟ್ಟಿತು. ಲಿವರ್ ಹಿಡಿದರೆ ಮೆತ್ತಗೆ ಹ್ಯಾಂಡಲ್ಲಿಗೆ ಬಂದು ಮುಟ್ಟುತ್ತಿತ್ತು, ಚಕ್ರಕ್ಕೆ ಸುದ್ದಿಯೇ ಇಲ್ಲ. ಮಿಸ್ತ್ರಿ ಲಿವರಿನ ಬುಡದಲ್ಲಿದ್ದು ಬ್ರೇಕ್ ಎಣ್ಣೆಯನ್ನು ಚಕ್ರದ ಕಡೆ ಒತ್ತುವ ಮಾಸ್ಟರ್ ಸಿಲಿಂಡರನ್ನು ಬಿಚ್ಚಿ ಪೇಪರಿನ ಮೇಲೆ ಸಾಲಾಗಿ ಇಟ್ಟರು. ಸ್ಪ್ರಿಂಗು ಚಲೋ ಅದ, ಪಿಸ್ಟನ್ನು ಚಲೋ ಅದ. ಸತ್ತದ್ದು ಅದೇ, ಉಗುರಿನಷ್ಟು ರಬ್ಬರ್ ಸೀಲು. ನನ್ನ ಮಾಡೆಲ್ಲಿಗೆ ಸೀಲು ಬಿಡಿಯಾಗಿ ಬರುವುದಿಲ್ಲ, ಅಸೆಂಬ್ಲಿ ಎರಡು ಸಾವಿರದ ಎಂಟುನೂರು. ನನ್ನ ಬಳಿ ದುಡ್ಡಿರಲಿಲ್ಲವೇ? ಇತ್ತು. ಇಲ್ಲಿ ಸುಳ್ಳು ಹೇಳಿ ಏನಾಗಬೇಕಿದೆ! ಸಂಬಳ ಎಣಿಸುವ ಮನುಷ್ಯ ನಾನು. ಆದರೆ ಆ ಉಗುರಿನಷ್ಟು ರಬ್ಬರಿಗೆ ಅಷ್ಟು ಸುರಿಯಲು ನನ್ನ ಹೊಟ್ಟೆ ಒಪ್ಪಲಿಲ್ಲ. ಅದು ಹಗಲು ದರೋಡೆ ಎಂದು ನನಗೆ ಹೇಳಿಕೊಟ್ಟವರು ಇದೇ ಮಿಸ್ತ್ರಿ. ಹಳೆಯ ಯಾವುದಾದರೂ ಗಾಡಿಯ ರಬ್ಬರ್ ಕತ್ತರಿಸಿ ಕೂರಿಸಿ ಎಂದೆ. ಅವರು ತಲೆಯಾಡಿಸಿದರು. ಸರಿ, ಹಾಗೇ ಜೋಡಿಸಿ ಕೊಡಿ, ಹಿಂದಿನ ಬ್ರೇಕಿನಲ್ಲಿ ಓಡಿಸುತ್ತೇನೆ ಎಂದೆ. ಅವರು ಜೋಡಿಸಿದರು, ಲಿವರ್ ಮಾತ್ರ ಹಾಕಲಿಲ್ಲ. ಬಿಳಿ ಪೇಂಟಿನ ಡಬ್ಬಿ ತೆಗೆದರು.

ನನಗೆ ಅವಮಾನವಾಯಿತು. ಹತ್ತು ವರ್ಷದ ಗಿರಾಕಿ ನಾನು, ಹಳ್ಳಿಯ ಪಡ್ಡೆ ಹುಡುಗನಲ್ಲ. ನನಗೂ ಈ ನಾಟಕವೇನು, ನನ್ನ ಗಾಡಿಯ ಬ್ರೇಕ್ ಕೆಟ್ಟಿದೆ ಅಂತ ನನಗೆ ನೆನಪಿರುವುದಿಲ್ಲವೇ ಎಂದು ರೇಗಿದೆ. ಅವರು ಪೇಂಟಿನ ಕಡ್ಡಿ ಹಿಡಿದುಕೊಂಡೇ ನಿಧಾನವಾಗಿ ಹೇಳಿದರು.

"ನಿಮಗ ನೆನಪಿರ್ತದ್ರಿ ಸರ. ಕೈಗಿರಂಗಿಲ್ಲ. ಲಿವರ್ ಇದ್ರ ಕೈ ನಂಬತದ."

ಆ ಸೀಲು ಎಲ್ಲಿಯಾದರೂ ಸಿಗುತ್ತದೋ ನೋಡುತ್ತೇನೆ, ಒಂದಿಷ್ಟು ದಿನ ತಡೀರಿ ಎಂದೂ ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ.

ಮೂರು ವಾರ ಹಲ್ಲು ಬಿದ್ದ ಬೈಕಿನ ಮೇಲೆ ಓಡಾಡಿದೆ. ಆಸ್ಪತ್ರೆಯಲ್ಲಿ ಜವಾನನಿಂದ ಹಿಡಿದು ಡಾಕ್ಟರ್ ತನಕ ಎಲ್ಲರಿಗೂ ನಾನೇ ತಮಾಷೆ. ಡಾಕ್ಟ್ರದೂ ಲಿವರ್ ಹೋಯಿತು, ಇನ್ನು ಎಮ್ಮೆ ಗತಿ ಏನು ಎಂದು ಒಬ್ಬ ರೈತ ಕೇಳಿದ. ಆ ದಿನ ಸಂಜೆ ರಾಯಚೂರಿಗೆ ಬಂದವನೇ ಗಲ್ಲಿಯ ಒಂದು ಅಂಗಡಿಯಲ್ಲಿ ನೂರಾ ಎಂಬತ್ತು ರೂಪಾಯಿಗೆ ಒಂದು ಲಿವರ್ ಹಾಕಿಸಿಬಿಟ್ಟೆ. ಬರೀ ಲಿವರ್. ಒಳಗೆ ಸೀಲು ಸತ್ತೇ ಇತ್ತು. ಬೈಕ್ ನೋಡಲು ಹೊಸದರ ಹಾಗಾಯಿತು. ದೇವದುರ್ಗದಲ್ಲಿ ಮಿಸ್ತ್ರಿಯ ಅಂಗಡಿ ತಪ್ಪಿಸಲು ಸುತ್ತಿನ ರಸ್ತೆ ಹಿಡಿಯತೊಡಗಿದೆ. ಕೆಲವು ದಿನ ಹಿಂದಿನ ಬ್ರೇಕನ್ನೇ ನೆನಪಿಟ್ಟು ಒತ್ತಿದೆ, ಆಮೇಲೆ ಅದೇ ರೂಢಿಯಾಯಿತು. ಒಳಗೆ ಬ್ರೇಕ್ ಇಲ್ಲ ಎಂಬುದು ನನ್ನ ಮನಸ್ಸಿನಿಂದಲೇ ಜಾರಿಹೋಯಿತು.

ಭತ್ತದ ನಾಟಿಯ ಕಾಲ. ಒಂದು ಭಾನುವಾರ ಭಾಮೈದ ಶಕ್ತಿನಗರದಿಂದ ಮನೆಗೆ ಬಂದ. ಮಲ್ಲಟಕ್ಕೆ ಹೋಗಿ ಸಂಜೆ ಬರ್ತೀನಿ ಮಾವ, ಗಾಡಿ ಒಯ್ಯಲೇನು ಎಂದು ಕೇಳಿದ. ನಾನು ಊಟಕ್ಕೆ ಕೂತಿದ್ದೆ. ಕೀಲಿ ಗೂಟಕ್ಕದ, ತಗೋ ಎಂದೆ. ಅಷ್ಟೇ ಹೇಳಿದ್ದು. ಇನ್ನೊಂದು ಮಾತು ಹೇಳುವುದಿತ್ತು, ಬಾಯಲ್ಲಿ ಅನ್ನ ಇತ್ತೋ, ತಲೆಯಲ್ಲಿ ಮಣ್ಣಿತ್ತೋ, ಹೇಳಲಿಲ್ಲ. ಮಾನ್ವಿ ದಾಟಿದ ಮೇಲೆ ರಸ್ತೆಯ ತುಂಬ ಗದ್ದೆಯಿಂದ ಎದ್ದು ಬಂದ ಟ್ರ್ಯಾಕ್ಟರುಗಳು ಉದುರಿಸಿದ ಕೆಸರು. ಮುಂದೆ ಹೋಗುತ್ತಿದ್ದ ಒಂದು ಟ್ರ್ಯಾಕ್ಟರ್ ಹೊಲದ ಕಡೆ ತಿರುಗಲು ನಿಂತುಬಿಟ್ಟಿತು. ಇವನು ಮಿಸ್ತ್ರಿ ಕಲಿಸಿದ ಹಾಗೆಯೇ ಮುಂದಿನ ಲಿವರನ್ನು ಮುಷ್ಟಿ ತುಂಬ ಹಿಡಿದಿದ್ದಾನೆ. ಲಿವರ್ ಹ್ಯಾಂಡಲ್ಲಿಗೆ ಬಂದು ಮುಟ್ಟಿದೆ. ಹಿಂದಿನ ಚಕ್ರ ಕೆಸರಲ್ಲಿ ಜಾರಿ, ಗಾಡಿ ಅಡ್ಡ ಬಿದ್ದು, ಬಲಗಾಲು ಟ್ರ್ಯಾಕ್ಟರಿನ ಟ್ರೇಲರ್ ಕೆಳಗೆ ಹೋಯಿತು.

ರಾಯಚೂರಿನ ಆಸ್ಪತ್ರೆಯಲ್ಲಿ ಕಾಲಿಗೆ ರಾಡ್ ಹಾಕಿದರು. ಮೂರನೇ ದಿನ ಮಿಸ್ತ್ರಿ ಬಂದರು. ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಕೆಲಸದ ದಿನ ಅಂಗಡಿ ಮುಚ್ಚಿ, ಬಸ್ಸು ಹಿಡಿದು, ಒಂದು ಚೀಲ ಮೋಸಂಬಿ ಹಿಡಿದುಕೊಂಡು ಬಂದಿದ್ದರು. ಅವರನ್ನು ಬಾಗಿಲಲ್ಲಿ ಕಂಡದ್ದೇ ನನಗೆ ಎಲ್ಲಿತ್ತೋ ಆ ಸಿಟ್ಟು, ಬಾಯಿಗೆ ಬಂದಂತೆ ಅಂದೆ. ಹುಡುಗ ಹಿಂದಿನ ಬ್ರೇಕಿನ ಮೇಲೆ ಸುಖವಾಗಿದ್ದ, ಮುಂದಿನದು ಹಿಡಿ ಎಂದು ಕಲಿಸಿ ಕಾಲು ಮುರಿಸಿದಿರಿ ಎಂದೆ. ನಿಮ್ಮ ಶಾಸ್ತ್ರಕ್ಕೆ ಬೆಂಕಿ ಹಾಕ, ಆವತ್ತೇ ಯಾವುದೋ ಒಂದು ರಬ್ಬರ್ ಕತ್ತರಿಸಿ ಕೂರಿಸಿದ್ದರೆ ಈ ಗತಿ ಬರುತ್ತಿತ್ತೇ ಎಂದೆ. ವಾರ್ಡಿನ ಜನವೆಲ್ಲ ನಮ್ಮ ಕಡೆ ತಿರುಗಿದರು. ಹಾಸಿಗೆಯ ಮೇಲಿನ ಭಾಮೈದನೂ ನೋಡುತ್ತಿದ್ದ. ಮಿಸ್ತ್ರಿಗೆ ನಿಜವಾಗಿಯೂ ಒಂದು ಸಂಗತಿ ಅರ್ಥವಾಗಿರಲಿಲ್ಲ, ಅದನ್ನು ಮೆಲ್ಲಗೆ ಕೇಳಿದರು.

"ಲಿವರ್ ನನ್ನ ತಂತಿಗದಲ್ರಿ ಸರ. ಗಾಡ್ಯಾಗ ಹ್ಯಾಂಗ ಬಂತು?"

ನಾನು ಇನ್ನೂ ಜೋರಾಗಿ ಏನೇನೋ ಕೂಗಿದೆ. ಭಾಮೈದ ನನ್ನ ಮುಖ ನೋಡಿದ, ಮಿಸ್ತ್ರಿಯ ಮುಖ ನೋಡಿದ. ಅವನಿಗೆ ಎಲ್ಲಾ ತಿಳಿದುಹೋಯಿತು. ಗೋಡೆಯ ಕಡೆ ತಿರುಗಿದ. ಮಿಸ್ತ್ರಿ ಮೋಸಂಬಿ ಚೀಲವನ್ನು ಹಾಸಿಗೆಯ ಬದಿಗಿಟ್ಟು ಅವನ ತಲೆ ಸವರಿ ಹೊರಟುಹೋದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಕಾಲು ಕೂಡಿತು, ಆದರೆ ಮೊದಲಿನ ಹಾಗೆ ಆಗಲಿಲ್ಲ. ಏಣಿ ಹತ್ತುವ ಕೆಲಸ ಮುಗಿಯಿತು. ಈಗ ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಕೂತು ತೂಕದ ಚೀಟಿ ಬರೆಯುತ್ತಾನೆ, ಮೊದಲಿನ ಅರ್ಧ ಪಗಾರ. ನನ್ನ ಬೈಕನ್ನು ತಂದು ಮನೆಯ ಹಿಂದೆ ತಾಡಪತ್ರಿ ಹೊದಿಸಿ ನಿಲ್ಲಿಸಿದೆ. ಆ ಕಳ್ಳ ಲಿವರನ್ನು ನಾನೇ ಬಿಚ್ಚಿ ಕಸಕ್ಕೆ ಒಗೆದೆ. ಕ್ಯಾನನ್ನು ದೇವದುರ್ಗದ ಆಸ್ಪತ್ರೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಓಡಾಡತೊಡಗಿದೆ. ಹೋಗಿ ಒಂದು ಮಾತು, ತಪ್ಪಾಯಿತು ಮಿಸ್ತ್ರಿ ಎಂದು ಹೇಳಬೇಕು ಎಂದು ಎಷ್ಟು ಸಲ ಅಂದುಕೊಂಡೆನೋ. ಈ ವಾರ, ಮುಂದಿನ ವಾರ. ಅವರ ಶೆಡ್ಡಿನ ಮುಂದೆ ಬಸ್ಸು ಹಾಯುವಷ್ಟು ಹೊತ್ತು ಮೊಬೈಲಿನಲ್ಲಿ ಏನೂ ಓದದೆ ತಲೆ ತಗ್ಗಿಸಿ ಕೂತವನು ನಾನು.

ಬ್ರೇಕ್ ಶೂ ಕೊಂಡ ಮರುದಿನ ಬಸ್ಸನ್ನು ಶೆಡ್ಡಿನ ಮುಂದೆಯೇ ನಿಲ್ಲಿಸಲು ಹೇಳಿ ಇಳಿದೆ. ಬಾಗಿಲು ತೆರೆದಿತ್ತು. ಮಿಸ್ತ್ರಿಯ ಹೆಂಡತಿ ಒಂದು ಸ್ಟೂಲಿನ ಮೇಲೆ ಕೂತಿದ್ದರು. ಹತಾರಗಳನ್ನು ಮಾರಿಯಾಗಿತ್ತು, ತಂತಿಯ ಮೇಲಿನ ಲಿವರುಗಳು ಮಾತ್ರ ಹಾಗೇ ಇದ್ದವು. ಅವನ್ನು ಗುಜರಿಗೆ ಹಾಕಬಾರದು, ಯಾರದ್ದು ಅವರಿಗೇ ಮುಟ್ಟಬೇಕು ಎಂದು ಮಿಸ್ತ್ರಿ ಮಲಗಿದಲ್ಲಿಂದಲೇ ಹೇಳಿದ್ದರಂತೆ. ಅದಕ್ಕೆ ದಿನಾ ಬೆಳಗ್ಗೆ ಬಂದು ಬಾಗಿಲು ತೆಗೆದು ಕೂರುತ್ತಾರೆ. ಓದಲು ಬರುವುದಿಲ್ಲ, ಬಂದವರೇ ತಮ್ಮದನ್ನು ಹುಡುಕಿಕೊಳ್ಳಬೇಕು. ನಾನು ಯಾರೆಂದು ಹೇಳಲಿಲ್ಲ. ಹುಡುಕಿದೆ. ಕೊನೆಯಿಂದ ನಾಲ್ಕನೆಯದರಲ್ಲಿ ನನ್ನ ಗಾಡಿಯ ನಂಬರಿತ್ತು. ಅದಕ್ಕೆ ದಾರದಿಂದ ಒಂದು ಸಣ್ಣ ಪ್ಲಾಸ್ಟಿಕ್ ಪೊಟ್ಟಣ ಕಟ್ಟಿತ್ತು. ಬೇರೆ ಯಾವ ಲಿವರಿಗೂ ಇರಲಿಲ್ಲ. ಪೊಟ್ಟಣದೊಳಗೆ ಎರಡು ಕರಿಯ ರಬ್ಬರ್ ಸೀಲು. ಮೇಲೆ ಅಂಟಿಸಿದ ಚೀಟಿಯಲ್ಲಿ ಅರವತ್ತೈದು ರೂಪಾಯಿ ಎಂದಿತ್ತು.

ಆ ತಾಯಿ ನನ್ನ ಕೈಯಲ್ಲಿದ್ದುದನ್ನು ನೋಡಿ ಗುರುತು ಹಿಡಿದರು.

"ಅದಾ? ಹೈದರಾಬಾದಿನ ಹಳೇ ಸಾಮಾನಿನ ಬಜಾರಕ್ಕ ಹೋಗಿ ಎರಡು ದಿನ ತಿರುಗಿ ತಂದ್ರು, ಯಪ್ಪಾ. ದನದ ಡಾಕ್ಟ್ರು ಬರ್ತಾರ, ಬಂದ ಕೂಡ್ಲೇ ಹಾಕಿ ಕೊಡಬೇಕು ಅಂತಿದ್ರು. ಬಸ್ಸು ಬಂದಾಗೆಲ್ಲಾ ಎದ್ದು ನೋಡೋರು."

ಯಾವಾಗ ತಂದರು ಎಂದು ಕೇಳಿದೆ. ಆಸ್ಪತ್ರೆಗೆ ಒಬ್ಬ ಹುಡುಗನನ್ನು ನೋಡಲು ಹೋಗಿ ಬಂದರಲ್ಲ, ಅದರ ಮುಂದಿನ ವಾರ ಎಂದರು. ಚಹಾ ಕುಡಿದು ಹೋಗಿ ಎಂದರು. ನಾನೇ ಆ ಡಾಕ್ಟರ್ ಎಂದು ಹೇಳುವ ಧೈರ್ಯ ಆಗಲೂ ಬರಲಿಲ್ಲ ನನಗೆ. ಕೈ ಮುಗಿದು ಹೊರಬಿದ್ದೆ.

ಭಾನುವಾರ ತಾಡಪತ್ರಿ ಸರಿಸಿ ಬೈಕನ್ನು ತಳ್ಳಿಕೊಂಡು ಮನೆ ಹತ್ತಿರದ ಮಿಸ್ತ್ರಿಯ ಬಳಿ ಒಯ್ದು ಆ ಸೀಲು ಕೊಟ್ಟೆ. ಈ ಮಾಡೆಲ್ಲಿಗೆ ಬಿಡಿ ಸೀಲು ಎಲ್ಲಿ ಸಿಕ್ಕಿತು ಎಂದು ಆತ ಬೆರಗಾದ. ಆಮೇಲೆ ಸಿಲಿಂಡರ್ ಬಿಚ್ಚಿ, ಬೆರಳು ಹಾಕಿ ತಿರುಗಿಸಿ, ಬೆಳಕಿಗೆ ಹಿಡಿದು ತೋರಿಸಿದ. ಒಂದೂವರೆ ವರ್ಷ ನಿಂತಲ್ಲೇ ನಿಂತು ಒಳಗೆಲ್ಲ ಬಿಳಿ ಪುಡಿ ಹಿಡಿದು ಗುಳಿ ಬಿದ್ದಿದ್ದವು. ಸೀಲು ಹಾಕಿದರೂ ಬ್ರೇಕ್ ಎಣ್ಣೆ ನಿಲ್ಲುವುದಿಲ್ಲ, ಆಗಲೇ ತಂದಿದ್ದರೆ ಹತ್ತು ನಿಮಿಷದ ಕೆಲಸ, ಈಗ ಅಸೆಂಬ್ಲಿಯೇ ಗತಿ ಎಂದ. ಬೆಲೆ ಕೇಳಿದೆ. ಮೂರು ಸಾವಿರದ ನಾನೂರಕ್ಕೆ ಏರಿತ್ತು. ನನ್ನ ಜೀವಮಾನದಲ್ಲಿ ಮೊದಲ ಸಲ ಚೌಕಾಸಿ ಮಾಡದೆ ಕೊಟ್ಟೆ. ಅಸೆಂಬ್ಲಿಯ ಡಬ್ಬಿಯೊಳಗೆ ಹೊಸ ಲಿವರೂ ಇತ್ತು. ಅದು ಬೇಡ, ಇದನ್ನು ಹಾಕು ಎಂದು ಬಿಳಿ ಪೇಂಟಿನ ನಂಬರಿದ್ದ ಹಳೆಯ ಲಿವರನ್ನು ಕೊಟ್ಟೆ. ಆತ ನನ್ನನ್ನು ವಿಚಿತ್ರವಾಗಿ ನೋಡಿ ಅದನ್ನೇ ಕೂರಿಸಿದ. ಆ ಸೀಲಿನ ಪೊಟ್ಟಣ ನನ್ನ ಮೇಜಿನ ಖಾನೆಯಲ್ಲಿದೆ.

ಹೋದ ವಾರ ಭಾಮೈದ ಮನೆಗೆ ಬಂದಿದ್ದ. ಉಂಡು ಎದ್ದವನು ಮಾನ್ವಿಗೆ ಹೊರಟ. ನಾನು ಗೂಟದಿಂದ ಕೀಲಿ ತೆಗೆದು ಅವನ ಕೈಗಿಟ್ಟು, ಗಾಡಿ ಒಯ್ಯಿ, ಬ್ರೇಕ್ ಹೊಸದು ಹಾಕಿಸೀನಿ ಎಂದೆ. ಮಿಸ್ತ್ರಿ ಸೀಲು ತಂದಿಟ್ಟಿದ್ದು, ನಾನು ಹೋಗದೇ ಇದ್ದದ್ದು, ಎಲ್ಲವನ್ನೂ ಹೇಳಿದೆ. ಆಸ್ಪತ್ರೆಯಲ್ಲಿ ಹೇಳಬೇಕಾಗಿದ್ದ ತಪ್ಪಾಯಿತು ಎಂಬ ಮಾತನ್ನೂ ಹೇಳಿದೆ. ಅವನು ಅಂಗಳಕ್ಕೆ ಹೋಗಿ ಲಿವರಿನ ಮೇಲಿನ ನಂಬರನ್ನು ಹೆಬ್ಬೆರಳಿನಿಂದ ಸವರಿದ. ಗಾಡಿ ಹತ್ತಲಿಲ್ಲ. ಸ್ಟ್ಯಾಂಡ್ ತೆಗೆದು, ಎರಡು ಹೆಜ್ಜೆ ತಳ್ಳಿ ಲಿವರ್ ಹಿಡಿದ. ಚಕ್ರ ಗಕ್ಕನೆ ನಿಂತಿತು. ಮತ್ತೆ ಎರಡು ಹೆಜ್ಜೆ ತಳ್ಳಿ ಹಿಡಿದ, ಮತ್ತೂ ಒಮ್ಮೆ ಹಿಡಿದ.

"ಹಿಡೀತದ ಮಾವ. ಚಲೋ ಹಿಡೀತದ" ಅಂದ.

ಸ್ಟ್ಯಾಂಡ್ ಹಾಕಿದ. ಕೀಲಿಯನ್ನು ನನ್ನ ಕೈಗೆ ವಾಪಸು ಕೊಟ್ಟು, ಕುಂಟುತ್ತ ಬಸ್ ಸ್ಟ್ಯಾಂಡಿನ ಕಡೆ ನಡೆದ.